ಆಯಿಯ ಮುಖ: ಮೂರನೇ ಹಲಗೆ

ಶಿರಸಿಯಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ಎಣ್ಣೆ ಶಾಯಿ ಒಣಗೋದಕ್ಕೆ ವಾರ ಹಿಡಿಯುತ್ತಿದೆ. ನನ್ನ ತಾಯಿ, ಆಯಿಯ ಮುಖವನ್ನು ಮರದ ಹಲಗೆಯಲ್ಲಿ ಕೆತ್ತಿ ಅಚ್ಚು ತೆಗೆಯಲು ನೋಡುತ್ತಿದ್ದೇನೆ. ನಿನ್ನೆ ಮೂರನೇ ಹಲಗೆಯ ಮೊದಲ ಪ್ರೂಫ್, ಅಂದರೆ ಪರೀಕ್ಷೆಯ ಅಚ್ಚು, ತೆಗೆದೆ.

ಮೊದಲನೆಯದರಲ್ಲಿ ಬರೀ ಸುಕ್ಕುಗಳನ್ನೇ ಕೆತ್ತಿದ್ದೆ. ಮರದಚ್ಚಿನಲ್ಲಿ ಕೆತ್ತಿದ ಜಾಗ ಬಿಳಿ, ಬಿಟ್ಟ ಜಾಗ ಕಪ್ಪು. ಹಾಗಾಗಿ ಒಂದೊಂದು ಸುಕ್ಕೂ ಬಿಳಿ ಗೀರಾಗಿ ಹೊಳೆಯಿತು. ಆಯಿ ನೋಡಿ, ‘ಇದು ಯಾರ್ದೋ ತಮಾ?’ ಅಂದಳು. ಮುಖಕ್ಕೆ ವಯಸ್ಸು ಬಂದಿತ್ತು, ಅಷ್ಟೇ.

ಎರಡನೆಯದು ಕಣ್ಣಿನ ಕೆಳಗೆ ಸಿಬಿರೆದ್ದು ಹಾಳಾಯಿತು. ಉಳಿ ಮೊಂಡಾಗಿತ್ತು.

ನಡುವೆ ತುಂಬಾ ದಿನ ಜರ್ಮನಿಯ ಕಲಾವಿದೆ ಕ್ಯಾಥೆ ಕೋಲ್ವಿಟ್ಸ್ ಮಾಡಿದ ಅಚ್ಚುಗಳನ್ನೇ ನೋಡುತ್ತಾ ಕೂತಿದ್ದೆ. 1914ರಲ್ಲಿ ಆಕೆಯ ಕಿರಿಯ ಮಗ ಪೀಟರ್ ಯುದ್ಧದಲ್ಲಿ ಸತ್ತ. ಲೋಹದ ತಗಡಿನಿಂದ ಅಚ್ಚು ತೆಗೆಯುವ ಎಚ್ಚಿಂಗ್, ಕಲ್ಲಿನಿಂದ ತೆಗೆಯುವ ಲಿಥೋಗಳಲ್ಲಿ ಪಳಗಿದ್ದ ಕೈ ಆಕೆಯದು. 1920ರಲ್ಲಿ ಜರ್ಮನಿಯವನೇ ಆದ ಕಲಾವಿದ ಅರ್ನ್ಸ್ಟ್ ಬಾರ್ಲಾಖ್‌ನ ಮರದಚ್ಚುಗಳನ್ನು ನೋಡಿದ ಮೇಲೆ ಮರಕ್ಕೆ ಬಂದಳು, ‘ಯುದ್ಧ’ ಎಂಬ 7 ಅಚ್ಚುಗಳನ್ನು ಮಾಡಿದಳು. ಅದರಲ್ಲಿ ತಂದೆ-ತಾಯಿಯ ಚಿತ್ರವೊಂದಿದೆ. ಇಬ್ಬರೂ ಮಂಡಿಯೂರಿ ಒಬ್ಬರಿಗೊಬ್ಬರು ಆತುಕೊಂಡಿದ್ದಾರೆ. ಇಬ್ಬರ ಮುಖವೂ ಕಾಣುವುದಿಲ್ಲ! ಬಾಗಿದ ಬೆನ್ನು, ಮುಖ ಮುಚ್ಚಿದ ಕೈ, ಒಂದೇ ಕಪ್ಪು ಮುದ್ದೆ. ನೋಡಿದರೆ ಗಂಟಲು ಕಟ್ಟುತ್ತದೆ.

ಆಮೇಲೆ ಆಯಿಯನ್ನು ಸುಮ್ನೆ ನೋಡತೊಡಗಿದೆ. ಅಪ್ಪಯ್ಯ ಪೇಟೆಯಿಂದ ಸಂಜೆ ಬಸ್ಸಿಗೆ ಬರುತ್ತಿದ್ದ. ಅವನು ಹೋಗಿ ಎರಡು ವರ್ಷವಾಯಿತು. ಈಗಲೂ ಬಸ್ಸಿನ ಶಬ್ದ ಕೇಳಿದರೆ, ಮೆಟ್ಟುಗತ್ತಿಯ ಮುಂದೆ ಸೌತೆಕಾಯಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸುತ್ತಾಳೆ. ಗಲ್ಲ ಒಂಚೂರು ಮೇಲೇಳುತ್ತದೆ. ಕುತ್ತಿಗೆಯ ನರ ಬಿಗಿಯುತ್ತದೆ. ಬಸ್ಸು ಮುಂದೆ ಹೋದ ಮೇಲೆ ಮತ್ತೆ ಹೆಚ್ಚುತ್ತಾಳೆ. ನನಗೆ ಬೇಕಾದದ್ದು ಆ ಗಲ್ಲ, ಆ ಕುತ್ತಿಗೆ.

ಹಾಗಾಗಿ ಈ ಸಲ ಸಣ್ಣ ಗೀರು ಎಳೆಯುವ ವಿ ಆಕಾರದ ಉಳಿಯನ್ನು ಮುಟ್ಟಲೇ ಇಲ್ಲ. ಆಚಾರಿ ಹೆರೆದುಕೊಟ್ಟ ಶಿವನೆ ಮರದ ಹಲಗೆ, ಅಗಲದ ಉಳಿ ಒಂದೇ. ಬಾಗಿಲ ಬೆಳಕು ಬೀಳುವ ಹಣೆಯ ಒಂದು ಬದಿ, ಕೆನ್ನೆಯ ಮೂಳೆ, ಗಲ್ಲದ ಅಂಚು, ಕುತ್ತಿಗೆಯ ಎರಡು ಗೆರೆ, ಇಷ್ಟೇ ಕೆತ್ತಿದ್ದು. ಕಣ್ಣುಗಳನ್ನು ಪೂರ್ತಿ ಕಪ್ಪಾಗಿಯೇ ಬಿಟ್ಟೆ. ಶಾಯಿ ಹಚ್ಚಿದ ಹಲಗೆಯ ಮೇಲೆ ಕಾಗದವಿಟ್ಟು, ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ ಕಾಗದ ಎತ್ತಿದಾಗ, ಕಣ್ಣಿನ ಆ ಕಪ್ಪಿನಲ್ಲಿ ಮರದ ನಾರು ತೆಳ್ಳಗೆ ಮೂಡಿತ್ತು. ಅದನ್ನು ನಾನು ಕೆತ್ತಿರಲಿಲ್ಲ. ಆದರೆ ಅವಳು ದೂರ ನೋಡುತ್ತಿದ್ದಾಳೆ ಅಂತ ಅನಿಸುವುದು ಅದರಿಂದಲೇ.

ಈ ಸಲ ಆಯಿ ‘ಯಾರದು’ ಅಂತ ಕೇಳಲಿಲ್ಲ. ತುಂಬಾ ಹೊತ್ತು ನೋಡಿ ಒಳಗೆ ಹೋದಳು.

ಬಾಯಿ ಇನ್ನೂ ಸರಿಯಾಗಿಲ್ಲ. ತುಟಿಯ ಕೊನೆಯಲ್ಲಿ ಉಳಿ ಜಾರಿದ ಗೀರು ನಗುವಿನ ಹಾಗೆ ಕಾಣುತ್ತಿದೆ. ಅಷ್ಟು ಜಾಗ ಚೌಕವಾಗಿ ತೆಗೆದು, ಶಿವನೆಯದ್ದೇ ತುಂಡು ಕೂರಿಸಿ ಅಂಟು ಹಾಕಿದ್ದೇನೆ. ಅಂಟು ಒಣಗಿದ ಮೇಲೆ ಮತ್ತೆ ಕೆತ್ತಬೇಕು.