ಹಗಲು ಹೆದ್ದಾರಿಯ ಗಾಳಿ, ಇರುಳು ಕಸದ ಹೊಗೆ

ಕಾರವಾರದ ನಮ್ಮ ಮನೆಯ ಪಡುವಣಕ್ಕೆ ರಾಷ್ಟ್ರೀಯ ಹೆದ್ದಾರಿ 66, ಅದರಾಚೆ ಕಡಲು. ಮೂಡಣಕ್ಕೆ ಗುಡ್ಡದ ಬುಡದಲ್ಲಿ ಒಂದು ಖಾಲಿ ಜಾಗ, ಅಲ್ಲಿ ವರ್ಷಗಳಿಂದ ಬೆಳೆಯುತ್ತಿರುವ ಕಸದ ರಾಶಿ. ಹೊತ್ತೇರಿದಂತೆ ಕಡಲಗಾಳಿ ಏಳುತ್ತದೆ; ಇರುಳಿನಲ್ಲಿ ನೆಲ ಬೇಗ ತಣಿದು ಗಾಳಿ ಗುಡ್ಡದಿಂದ ಕಡಲಿನತ್ತ ಹರಿಯುತ್ತದೆ. ಹೀಗಾಗಿ ಹಗಲಿಗೆ ಲಾರಿಗಳ ಹೊಗೆಯೂ ಇರುಳಿಗೆ ಕಸದ ಹೊಗೆಯೂ ನಮ್ಮ ಪಾಲಿಗೆ ಬರುತ್ತವೆ.

ಕಳೆದ ಚಳಿಗಾಲದಲ್ಲಿ ಅಮ್ಮನ ಕೆಮ್ಮು ನಿಲ್ಲದಾದಾಗ ಜಗಲಿಯ ಕಂಬಕ್ಕೆ ಒಂದು ಅಗ್ಗದ ಸೆನ್ಸರ್ ಕಟ್ಟಿದೆ. ಅದರೊಳಗಿನ ಪುಟ್ಟ ಫ್ಯಾನು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಲೇಸರ್ ಕಿರಣಕ್ಕೆ ಅಡ್ಡ ಬಂದ ಕಣಗಳು ಚದುರಿಸುವ ಬೆಳಕಿನಿಂದ ಪಿಎಂ 2.5 ಪ್ರಮಾಣವನ್ನು, ಅಂದರೆ ಶ್ವಾಸಕೋಶದ ಆಳಕ್ಕಿಳಿಯಬಲ್ಲ 2.5 ಮೈಕ್ರೊಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಗಳ ಪ್ರಮಾಣವನ್ನು, ಅದು ಅಂದಾಜು ಮಾಡುತ್ತದೆ. ತೂಗುವುದಿಲ್ಲ, ಅಂದಾಜು ಮಾಡುತ್ತದೆ. ಈ ವ್ಯತ್ಯಾಸ ನನಗೆ ತಡವಾಗಿ ಅರ್ಥವಾಯಿತು.

ಮೊದಲ ವಾರ ಬೆಳಗಿನ ಜಾವ ಅಂಕಿ ಏರಿದಾಗಲೆಲ್ಲ ಕಸಕ್ಕೆ ಬೆಂಕಿ ಬಿದ್ದಿದೆ ಎಂದೇ ಬಗೆದೆ. ಆದರೆ ಹೊಗೆಯ ವಾಸನೆಯೇ ಇಲ್ಲದ, ಇಬ್ಬನಿ ಕವಿದ ದಿನಗಳಲ್ಲೂ ಅದು ಏರುತ್ತಿತ್ತು. ಉಪ್ಪಿನಂತಹ ಕಣಗಳು ತೇವವನ್ನು ಹೀರಿ ಊದಿಕೊಳ್ಳುತ್ತವೆ, ಊದಿದ ಕಣ ಹೆಚ್ಚು ಬೆಳಕನ್ನು ಚದುರಿಸುತ್ತದೆ, ಸೆನ್ಸರ್ ಆ ನೀರನ್ನೂ ಧೂಳೆಂದೇ ಎಣಿಸುತ್ತದೆ. ಅಧಿಕೃತ ಮಾಪನ ಕೇಂದ್ರಗಳಲ್ಲಿರುವ ಬೀಟಾ ಕಿರಣದ ಯಂತ್ರಗಳು ಗಾಳಿಯನ್ನು ಬಿಸಿಮಾಡಿ ತೇವ ತಗ್ಗಿಸಿದ ಬಳಿಕವೇ ಅಳೆಯುತ್ತವೆ. ಕರಾವಳಿಯಲ್ಲಿ ಆರ್ದ್ರತಾಮಾಪಕವನ್ನು ಪಕ್ಕದಲ್ಲಿಡದೆ ಇಂತಹ ಸೆನ್ಸರಿನ ಅಂಕಿಯನ್ನು ನಂಬುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಹಗಲಿನ ದೋಷ ಇದಕ್ಕೆ ತದ್ವಿರುದ್ಧ. ರಸ್ತೆಯಿಂದೇಳುವ ದಪ್ಪ ಧೂಳು ಈ ಸೆನ್ಸರಿಗೆ ಸರಿಯಾಗಿ ಕಾಣುವುದೇ ಇಲ್ಲ. ಡೀಸೆಲ್ ಎಂಜಿನ್ನು ಉಗುಳುವ ನೈಟ್ರೋಜನ್ ಡೈಆಕ್ಸೈಡ್ ಅನಿಲವಾದ್ದರಿಂದ ಅದಕ್ಕೆ ಸಿಗುವುದಿಲ್ಲ. ಅದನ್ನು ಅಳೆಯಲು ರಾಸಾಯನಿಕ ಲೇಪಿಸಿದ ಕೊಳವೆಯನ್ನು ಕೆಲವು ವಾರ ತೂಗುಹಾಕಿ ಪ್ರಯೋಗಾಲಯಕ್ಕೆ ಕಳಿಸುವುದು ಒಂದು ದಾರಿ. ಹೆದ್ದಾರಿಯ ಬದಿಯಲ್ಲಿ ಅಂಕಿ ಕಡಿಮೆ ಬಂದ ಮಾತ್ರಕ್ಕೆ ಗಾಳಿ ಶುದ್ಧವೆಂದು ಯಾರೂ ಸಮಾಧಾನಪಡಬಾರದು.

ನಮ್ಮ ದೇಶದಲ್ಲಿ ಪಿಎಂ 2.5ಕ್ಕೆ 24 ಗಂಟೆಗಳ ಸರಾಸರಿಯ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ನಸುಕಿನಲ್ಲಿ ಎರಡು ಗಂಟೆ ಪ್ಲಾಸ್ಟಿಕ್ ಉರಿದರೂ ದಿನದ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಆ ಎರಡು ಗಂಟೆಯೇ ಅಮ್ಮ ಎದ್ದು ಕೂತು ಕೆಮ್ಮುವ ಹೊತ್ತು. ಪಿವಿಸಿ ಎಂಬ ಪ್ಲಾಸ್ಟಿಕ್ ಉರಿದಾಗ ಹುಟ್ಟುವ ಡಯಾಕ್ಸಿನ್ ಎಂಬ ವಿಷ ಯಾವ ಸರಾಸರಿಯಲ್ಲೂ ಕಾಣದು.

ಈಗ ಗೆಳೆಯರೊಬ್ಬರು ಇದೇ ಊರಿನ ಕೋಡಿಬಾಗದ ತಮ್ಮ ಮನೆಯಲ್ಲೂ ಇಂಥದ್ದೇ ಸೆನ್ಸರ್ ಇಟ್ಟಿದ್ದಾರೆ. ಎರಡೂ ಕಡೆ ಅಂಕಿ ನಿಧಾನವಾಗಿ ಏರಿ ಬಿಸಿಲು ಬಂದೊಡನೆ ಇಳಿದರೆ ಹೆಚ್ಚಾಗಿ ಅದು ಇಬ್ಬನಿಯ ಕೆಲಸ. ನಮ್ಮಲ್ಲಿ ಮಾತ್ರ ನಿಮಿಷಗಳಲ್ಲಿ ಜಿಗಿದರೆ ಹೊಗೆ. ಹೊತ್ತು, ಗಾಳಿಯ ದಿಕ್ಕು, ಆರ್ದ್ರತೆ, ವಾಸನೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ದೂರು ಕೊಡುವಾಗ ಆ ಆದೇಶದ ಜೊತೆಗೆ ಈ ಪುಟಗಳನ್ನೂ ಇಡುವೆ. ಅದಕ್ಕೂ ಮೊದಲು ಮೂರನೆಯ ಸೆನ್ಸರನ್ನು ರಾಶಿಯಾಚೆ, ಗುಡ್ಡದ ಮಗ್ಗುಲಿಗೆ ಕಟ್ಟಬೇಕಾಗಿದೆ. ಇರುಳ ಗಾಳಿ ಬರುವುದು ಅಲ್ಲಿಂದಲೇ ಆದ್ದರಿಂದ, ರಾಶಿಯನ್ನು ದಾಟುವ ಮುನ್ನ ಅದರಲ್ಲಿ ಎಷ್ಟು ಕಣಗಳಿದ್ದವು ಎಂಬ ಲೆಕ್ಕವೂ ನನ್ನ ಬಳಿ ಇರಬೇಕು.