ವ್ಯಾಟ್ ಆಮೇಲೆ, ಮೊದಲು ಓಮ್: ಹೊಸ ಡಿಜೆ ಸೆಟ್‌ಗೆ ಆಂಪ್ ಮತ್ತು ಸ್ಪೀಕರ್ ಜೋಡಿಸುವ ಕ್ರಮ

ಮದುವೆ, ಜಾತ್ರೆಗಳ ಸೀಸನ್‌ನಲ್ಲಿ ಕಲಬುರಗಿಯ ರಿಪೇರಿ ಟೇಬಲ್‌ಗೆ ಬರುವ ಟಾಪ್ ಬಾಕ್ಸ್‌ಗಳಲ್ಲಿ (ಬೇಸ್ ಬಿಟ್ಟು ಉಳಿದ ಸ್ವರ ನುಡಿಸುವ ಸ್ಪೀಕರ್) 15 ಇಂಚಿನ ಕೋನ್ ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ, ಸುಟ್ಟಿರುವುದು ಮೇಲಿನ ಸ್ವರ ನುಡಿಸುವ ಹಾರ್ನ್‌ನ ಡಯಾಫ್ರಾಮ್ (ತೆಳು ಪರದೆ). ತಂದವರು ಕೇಳುವುದೂ ಒಂದೇ: "ಆಂಪ್ ಸಣ್ಣದೇ ಇತ್ತಲ್ರೀ, ಸ್ಪೀಕರ್ ದೊಡ್ಡದು. ಅದ್ಹೆಂಗ ಸುಡ್ತದ?" ಹೆಚ್ಚಾಗಿ ಆಂಪ್ (ಆಂಪ್ಲಿಫೈಯರ್) ಸಣ್ಣದಿದ್ದದ್ದಕ್ಕೇ ಸುಟ್ಟಿರುತ್ತದೆ.

ಸಣ್ಣ ಆಂಪ್‌ನಿಂದ ದೊಡ್ಡ ಸದ್ದು ಎಳೆಯಲು ಹೋದಾಗ ಅದು ತನ್ನ ಮಿತಿ ಮುಟ್ಟಿ, ಅಲೆಯ ನೆತ್ತಿಯನ್ನು ಚಪ್ಪಟೆಯಾಗಿ ಕತ್ತರಿಸುತ್ತದೆ. ಇದೇ ಕ್ಲಿಪ್. 400 ವ್ಯಾಟ್‌ನ ಆಂಪ್ ಪೂರ್ತಿ ಕ್ಲಿಪ್ ಆದರೆ ಸುಮಾರು 800 ವ್ಯಾಟ್‌ವರೆಗೂ ತಳ್ಳಬಲ್ಲದು. ಬೇಸ್ ಅಷ್ಟರಲ್ಲೇ ಮಿತಿ ಮುಟ್ಟಿ ನಿಂತಿರುತ್ತದೆ. ವಾಲ್ಯೂಮ್ ಏರಿಸಿದಷ್ಟೂ ಏರುವುದು ಮೇಲಿನ ಸ್ವರಗಳು, ಜೊತೆಗೆ ಕತ್ತರಿಸಿದ ಅಲೆಯಿಂದ ಹುಟ್ಟುವ ಕರ್ಕಶ. ಇವೆರಡೂ ಹಾರ್ನ್‌ಗೇ ಹೋಗುತ್ತವೆ. ಅದರ ಕೂದಲೆಳೆಯಂಥ ಕಾಯಿಲ್ ತಡೆದುಕೊಳ್ಳುವುದು ಸಾಮಾನ್ಯವಾಗಿ 40ರಿಂದ 80 ವ್ಯಾಟ್ ಮಾತ್ರ.

ಬಾಕ್ಸ್ ಹಿಂದಿನ ಪಟ್ಟಿಯಲ್ಲಿ ಮೂರು ವ್ಯಾಟ್ ಅಂಕಿ ಇರಬಹುದು: 400 ಆರ್‌ಎಂಎಸ್ (ಸತತವಾಗಿ ತಡೆದುಕೊಳ್ಳುವುದು), 800 ಪ್ರೋಗ್ರಾಂ, 1600 ಪೀಕ್ (ಒಂದು ಕ್ಷಣಕ್ಕೆ ಮಾತ್ರ). ಮೂರೂ ಒಂದೇ ಸ್ಪೀಕರ್‌ನವು. ಅಂಗಡಿಯವರು ಹೇಳುವುದು 1600, ನೀವು ಲೆಕ್ಕಕ್ಕೆ ಹಿಡಿಯಬೇಕಾದದ್ದು 400. ಆಂಪ್‌ನಲ್ಲಿಯೂ ಹಾಗೆಯೇ, "ಒಂದು ಚಾನಲ್‌ಗೆ, 8 ಓಮ್‌ನಲ್ಲಿ, ಆರ್‌ಎಂಎಸ್ ಎಷ್ಟು" (ಓಮ್ ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆ) ಎಂದು ಕೇಳಿರಿ. ಈ ಮೂರೂ ಮಾತು ಕೂಡಿ ಬರದ ವ್ಯಾಟ್ ಅಂಕಿಯನ್ನು ನಂಬಿ ದುಡ್ಡು ಕೊಡಬೇಡಿರಿ. 400 ಆರ್‌ಎಂಎಸ್ ಬಾಕ್ಸ್‌ಗೆ 8 ಓಮ್‌ನಲ್ಲಿ 500ರಿಂದ 700 ವ್ಯಾಟ್ ಕೊಡುವ ಚಾನಲ್ ಒಳ್ಳೆಯ ಜೋಡಿ. ಹೆಚ್ಚಿನ ವ್ಯಾಟ್ ಇರುವುದು ಪೂರ್ತಿ ಬಳಸಲಿಕ್ಕಲ್ಲ, ಡೋಲಿನ ಏಟು ಕತ್ತರಿಸದೆ ದಾಟಿ ಹೋಗಲಿಕ್ಕೆ.

ಈಗ ಓಮ್, ಜೋಡಿಸುವಾಗ ವ್ಯಾಟ್‌ಗಿಂತ ಮೊದಲು ನೋಡಬೇಕಾದದ್ದು. ಹೊಸಬರು ಹೆಚ್ಚು ಎಡವುವುದು ಇಲ್ಲಿಯೇ. ಒಂದು ಬಾಕ್ಸ್‌ನಿಂದ ಇನ್ನೊಂದಕ್ಕೆ ಸ್ಪೀಕಾನ್ (ಸ್ಪೀಕರ್ ಕೇಬಲ್‌ನ ಪ್ಲಗ್) ಲಿಂಕ್ ಹಾಕಿದರೆ ಕಣ್ಣಿಗೆ ಸಾಲಾಗಿ ಜೋಡಿಸಿದಂತೆ ಕಾಣುತ್ತದೆ, ಅದಕ್ಕೇ ಸೀರೀಸ್ ಎಂದು ತಿಳಿಯುತ್ತಾರೆ. ಒಳಗೆ ಅದು ಪ್ಯಾರಲಲ್, ಅಂದರೆ ಪ್ರತಿ ಬಾಕ್ಸ್ ನೇರವಾಗಿ ಆಂಪ್‌ಗೇ ಜೋಡಿಸಿದಂತೆ. 8 ಓಮ್‌ನ ಎರಡು ಬಾಕ್ಸ್ ಲಿಂಕ್ ಮಾಡಿದರೆ 4 ಓಮ್, ನಾಲ್ಕು ಮಾಡಿದರೆ 2 ಓಮ್. ಓಮ್ ಇಳಿದಂತೆ ಆಂಪ್ ಎಳೆದುಕೊಡಬೇಕಾದ ಕರೆಂಟ್ ಏರುತ್ತದೆ. ಕನಿಷ್ಠ 4 ಓಮ್ ಎಂದು ಬರೆದ ಆಂಪ್‌ಗೆ, ಮೆರವಣಿಗೆಗೆಂದು ಬಾಡಿಗೆಗೆ ತಂದ ಇನ್ನೆರಡು ಬೇಸ್ ಬಾಕ್ಸ್ ಸೇರಿಸಿದರೆ ಒಂದೋ ಅದು ಪ್ರೊಟೆಕ್ಟ್‌ಗೆ ಹೋಗಿ ಹಾಡಿನ ನಡುವೆ ಬಂದ್ ಆಗುತ್ತದೆ, ಇಲ್ಲವೇ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಹೋಗುತ್ತವೆ. ಬ್ರಿಡ್ಜ್ ಮೋಡ್‌ನಲ್ಲಿ (ಎರಡು ಚಾನಲ್ ಕೂಡಿಸಿ ಒಂದಾಗಿ ದುಡಿಸುವುದು) ಇನ್ನೂ ಎಚ್ಚರ ಬೇಕು: ಬ್ರಿಡ್ಜ್‌ಗೆ 8 ಓಮ್ ಬಾಕ್ಸ್ ಹಾಕಿದರೂ ಒಳಗಿನ ಒಂದೊಂದು ಚಾನಲ್‌ಗೆ ಅದು 4 ಓಮ್ ಆಗಿಯೇ ಕಾಣುತ್ತದೆ. ಅದಕ್ಕೆ 4 ಓಮ್ ಹಾಕಿದರೆ 2 ಓಮ್ ಭಾರ ಬಿತ್ತು. ಮೊದಲ ಸೆಟ್‌ನಲ್ಲಿ ಬ್ರಿಡ್ಜ್ ಬೇಡವೇ ಬೇಡ.

ಮಲ್ಟಿಮೀಟರ್ ಇಟ್ಟರೆ 8 ಓಮ್ ಸ್ಪೀಕರ್ 8 ತೋರಿಸುವುದಿಲ್ಲ, 5.5ರಿಂದ 6.5ರೊಳಗೆ ತೋರಿಸುತ್ತದೆ, ಅದು ಸರಿಯೇ. 3ರ ಆಸುಪಾಸು ಬಂದರೆ 4 ಓಮ್‌ನದು, ಅಥವಾ ಒಳಗೆ ಎರಡು ಸ್ಪೀಕರ್ ಪ್ಯಾರಲಲ್ ಇವೆ. ಒಳಗೆ ಕ್ರಾಸೋವರ್ (ಮೇಲಿನ, ಕೆಳಗಿನ ಸ್ವರಗಳನ್ನು ಬೇರೆ ಮಾಡುವ ಭಾಗ) ಇರುವ ಟಾಪ್‌ನಲ್ಲಿ ಈ ಅಂಕಿ ಕೋನ್‌ನದು ಮಾತ್ರ. ಹಾರ್ನ್‌ನ ದಾರಿಯಲ್ಲಿ ಕೆಪಾಸಿಟರ್ ಕೂತು ಮೀಟರ್‌ನ ಡಿಸಿ ಕರೆಂಟನ್ನು ತಡೆಯುತ್ತದೆ, ಹಾಗಾಗಿ ಹಾರ್ನ್ ಸತ್ತಿದ್ದರೂ ಮೀಟರ್ ಅದನ್ನು ಹೇಳುವುದಿಲ್ಲ. ಹಾರ್ನ್‌ನ ತಂತಿ ಬಿಚ್ಚಿ ಬೇರೆಯಾಗಿಯೇ ನೋಡಬೇಕು.

ಮೊದಲ ಸೆಟ್‌ಗೆ ಎರಡು 15 ಇಂಚಿನ ಟಾಪ್, ಎರಡು 18 ಇಂಚಿನ ಬೇಸ್, ಎರಡು ಆಂಪ್, ಒಂದು ಡಿಜಿಟಲ್ ಕ್ರಾಸೋವರ್ ಸಾಕು. ಒಂದು ಚಾನಲ್‌ಗೆ ಒಂದೇ ಬಾಕ್ಸ್, ಎಲ್ಲವೂ 8 ಓಮ್. ಟಾಪ್ ಮತ್ತು ಬೇಸ್ ಬೇರಾಗುವುದು 100 ಹರ್ಟ್ಜ್‌ನಲ್ಲಿ. ಬೇಸ್‌ಗೆ 35 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ಕಟ್. ಈ ಕೆಳಗಿನ ಕಟ್ ಹಾಕದಿದ್ದರೆ, ಕಿವಿಗೆ ಕೇಳದ ಆಳದ ಅಲೆಗೆ ಕೋನ್ ಹೊಡೆದುಕೊಂಡು ಕಾಯಿಲ್ ಮ್ಯಾಗ್ನೆಟ್‌ನ ಗ್ಯಾಪ್‌ನಿಂದ ಹೊರಗೆ ಹಾರಬಹುದು. ಎರಡೂ ಬೇಸ್ ಎರಡು ದಿಕ್ಕಿಗೆ ಇಡುವ ಬದಲು ಅಕ್ಕಪಕ್ಕ ಅಂಟಿಸಿ ಇಡಿರಿ. ಒಂದೇ ಬಾಕ್ಸ್‌ಗಿಂತ 6 ಡಿಬಿವರೆಗೆ ಹೆಚ್ಚು ಸಿಗುತ್ತದೆ. ಆದರೂ ಬೇಸ್ ಸಣ್ಣಗೆ ಕೇಳಿದರೆ ಒಂದರ ಪ್ಲಸ್ ಮೈನಸ್ ಅದಲುಬದಲಾಗಿದೆ. ಆಂಪ್‌ನಿಂದ ಬಿಚ್ಚಿದ ಬೇಸ್‌ಗೆ 9 ವೋಲ್ಟ್ ಬ್ಯಾಟರಿ ಒಂದು ಕ್ಷಣ ತಾಗಿಸಿರಿ. ಎರಡೂ ಕೋನ್ ಒಂದೇ ಕಡೆಗೆ ಜಿಗಿಯಬೇಕು.

ಲಿಮಿಟರ್ (ಸಿಗ್ನಲ್ ಒಂದು ಮಿತಿ ದಾಟದಂತೆ ತಡೆಯುವುದು) ಸೆಟ್ ಮಾಡುವುದನ್ನು ಎಷ್ಟು ಹೇಳಿದರೂ ಕಡಿಮೆಯೇ. ಬೇಸ್ 800 ಆರ್‌ಎಂಎಸ್, 8 ಓಮ್ ಎಂದುಕೊಳ್ಳಿರಿ. 800ನ್ನು 8ರಿಂದ ಗುಣಿಸಿದರೆ 6400, ಅದರ ವರ್ಗಮೂಲ 80. ಅಂದರೆ 80 ವೋಲ್ಟ್. ಆಂಪ್‌ನಿಂದ ಬಾಕ್ಸ್‌ನ ತಂತಿ ಬಿಚ್ಚಿಟ್ಟು, ಆಂಪ್ ನಾಬ್ ಪೂರ್ತಿ ತೆರೆದು, 50 ಹರ್ಟ್ಜ್‌ನ ಟೋನ್ (ಒಂದೇ ಸಮನೆ ಬರುವ ಸ್ವರ) ಹಾಕಿ, ಔಟ್‌ಪುಟ್‌ನಲ್ಲಿ ಮೀಟರನ್ನು ಎಸಿ ವೋಲ್ಟ್‌ಗೆ ಇಡಿರಿ. ಮಿಕ್ಸರ್ ಎಷ್ಟೇ ಏರಿಸಿದರೂ ಅಂಕಿ 80 ದಾಟದಂತೆ ಕ್ರಾಸೋವರ್‌ನ ಲಿಮಿಟರ್ ಇಳಿಸಿರಿ. ತಂತಿಯ ತುದಿ ಬರಿಗೈಲಿ ಮುಟ್ಟಬೇಡಿರಿ, 80 ವೋಲ್ಟ್ ಹೊಡೆಯುತ್ತದೆ.

"ಆಂಪ್ ನಾಬ್ ಅರ್ಧಕ್ಕೆ ಇಟ್ಟೀನಿ, ಅರ್ಧಾ ವ್ಯಾಟ್ ಹೋಗ್ತದ" ಎನ್ನುವುದು ತಪ್ಪು. ಆ ನಾಬ್ ಒಳಗೆ ಬರುವ ಸಿಗ್ನಲ್ಲನ್ನು ತಗ್ಗಿಸುತ್ತದೆ ಅಷ್ಟೇ, ಮಿಕ್ಸರ್ ಏರಿಸಿದರೆ ಆಂಪ್ ಪೂರ್ತಿಯೇ ದುಡಿಯುತ್ತದೆ. ಮಿಕ್ಸರ್‌ನಲ್ಲೇ ಕೆಂಪು ಹತ್ತಿದರೆ ಅಲೆ ಅಲ್ಲಿಯೇ ಕತ್ತರಿಸಿರುತ್ತದೆ, ಆಂಪ್‌ನ ಕ್ಲಿಪ್ ಲೈಟ್ ಉರಿಯದೆಯೂ ಇರಬಹುದು.

ಕೇಬಲ್ 2.5 ಚದರ ಮಿಲಿಮೀಟರ್ ತಾಮ್ರದ್ದೇ ಇರಲಿ. 30 ಮೀಟರ್ ದೂರ, 4 ಓಮ್ ಭಾರ ಇದ್ದಾಗ ಇದರಲ್ಲಿಯೂ ಬಾಕ್ಸ್‌ಗೆ ಮುಟ್ಟುವ ಪವರ್ ಸುಮಾರು 20 ಶೇಕಡಾ ಕಡಿಮೆಯಾಗುತ್ತದೆ, 1.5 ಹಾಕಿದರೆ ಸುಮಾರು 30. ಆದ್ದರಿಂದ ಆಂಪ್‌ಗಳು ಬಾಕ್ಸ್‌ಗಳ ಹತ್ತಿರವೇ ಇರಲಿ.

ಹಳ್ಳಿಗಳ ಕಾರ್ಯಕ್ರಮಗಳಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯ ಆಂಪ್‌ನ ಪವರ್ ಸುಮಾರು 60 ಶೇಕಡಾಕ್ಕೆ ಬರುತ್ತದೆ. ಹಾಡು ಅದೇ, ಮಿಕ್ಸರ್ ಅಲ್ಲೇ ಇದೆ, ಆದರೆ ಕ್ಲಿಪ್ ಬೇಗ ಶುರುವಾಗುತ್ತದೆ. ಮೀಟರ್ ನೋಡಿ, 200ಕ್ಕಿಂತ ಕೆಳಗಿದ್ದರೆ ಸದ್ದು ಇಳಿಸಿರಿ ಅಥವಾ ಜನರೇಟರ್‌ಗೆ ಹೋಗಿರಿ. ಗುಂಯ್ ಎನ್ನುವ ಸದ್ದು ಹೋಗಲೆಂದು ಪ್ಲಗ್‌ನ ಅರ್ಥ್ ಪಿನ್ ತೆಗೆಯುವವರಿದ್ದಾರೆ. ಇದರಿಂದ ಜೀವ ಹೋಗುತ್ತದೆ. ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ನಡುವೆ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿರಿ, ಅರ್ಥ್ ಪಿನ್ ತೆಗೆಯಬೇಡಿರಿ.

ನಮ್ಮ ಬೇಸಿಗೆ 42 ಡಿಗ್ರಿ ದಾಟುತ್ತದೆ. ಟ್ರಾಲಿಯಲ್ಲಿ ಆಂಪ್ ರ‍್ಯಾಕ್‌ಗೆ ನೆರಳು ಬೇಕು, ಆದರೆ ತಾಡಪತ್ರಿ ಮೈಗೆ ಸುತ್ತಿ ಅಲ್ಲ. ಮುಂದೆ ಹಿಂದೆ ಗಾಳಿ ಆಡಬೇಕು. ಎರೆಮಣ್ಣಿನ ಧೂಳು ಫ್ಯಾನ್ ಜಾಲರಿಯಲ್ಲಿ ಮೆತ್ತಿಕೊಳ್ಳುತ್ತದೆ, ಸೀಸನ್‌ನಲ್ಲಿ ವಾರಕ್ಕೊಮ್ಮೆ ತೆಗೆದು ತೊಳೆದು ಒಣಗಿಸಿರಿ.

ಚಾಲೂ ಮಾಡುವಾಗ ಮಿಕ್ಸರ್, ಆಮೇಲೆ ಕ್ರಾಸೋವರ್, ಕೊನೆಗೆ ಆಂಪ್. ಬಂದ್ ಮಾಡುವಾಗ ಆಂಪ್ ಮೊದಲು. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮವಿದೆ, ಆಗ ಗಡಿಬಿಡಿಯಲ್ಲಿ ಜನರೇಟರ್ ನಿಲ್ಲಿಸಿ ಎಲ್ಲವನ್ನೂ ಒಮ್ಮೆಲೇ ಆರಿಸಿದರೆ ಢಬ್ ಎನ್ನುವ ಏಟು ನೇರವಾಗಿ ಕೋನ್‌ಗೆ ಬೀಳುತ್ತದೆ.