ಬಗ್ಗಲು ಹೆದರುತ್ತಿದ್ದ ಬೆನ್ನು

ಸ್ಕ್ಯಾನ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ ಎಂದು ವೈದ್ಯರು ಹೇಳಿದಾಗ ಸಮಾಧಾನವಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಏನೂ ಇಲ್ಲದಿದ್ದರೆ ಹಾಸಿಗೆಯಿಂದ ಏಳುವಾಗ ಸೊಂಟದಲ್ಲಿ ಚಳುಕು ಹೊಡೆಯುವುದೇಕೆ? ಮೂರು ತಿಂಗಳು ಮೀರಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ನನ್ನದು ವರ್ಷಗಳನ್ನೇ ಮೀರಿತ್ತು. ಹಾಗಾಗಿ ಫಿಸಿಯೋಥೆರಪಿಸ್ಟ್ ಕಣ್ಣಿಗೆ ತೊಟ್ಟರೆ ಕೃತಕ ಲೋಕವೊಂದನ್ನು ಸುತ್ತಲೂ ತೋರಿಸುವ ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ ತಂದು ಮುಂದಿಟ್ಟಾಗ, ‘ಇದೆಲ್ಲ ನನ್ನ ಕಲ್ಪನೆ ಎಂದು ನಿಮಗೂ ಅನಿಸುತ್ತಿದೆಯೇ?’ ಎಂದು ಕೇಳಿಯೇಬಿಟ್ಟೆ.

‘ನಿಮ್ಮ ನೋವು ನಿಜ’ ಎಂದರು ಅವರು. ‘ಗಾಯ ಮಾಗಿದ ಮೇಲೂ ನರಮಂಡಲ ಎಚ್ಚರಿಕೆ ಕೊಡುತ್ತಲೇ ಇರಬಹುದು. ಅದನ್ನು ಶಾಂತಗೊಳಿಸುವ ಅಭ್ಯಾಸ ಮಾಡೋಣ.’ ಆ ಮಾತಿಗೇ ನನ್ನ ಅರ್ಧ ಬಿಗುವು ಸಡಿಲಾಯಿತು.

ಹೆಡ್‌ಸೆಟ್ ತೊಟ್ಟಾಗ ಎದುರಿಗೊಂದು ಬೋಳು ಮರ. ನಿಧಾನವಾಗಿ ಉಸಿರು ಬಿಟ್ಟಷ್ಟೂ ಅದು ಚಿಗುರುತ್ತಿತ್ತು. ಅವಸರಪಟ್ಟರೆ ಚಿಗುರು ನಿಂತುಬಿಡುತ್ತಿತ್ತು. ದೀರ್ಘವಾಗಿ ಉಸಿರಾಡಿ ಎಂಬ ಸಲಹೆಯನ್ನು ಎಷ್ಟೋ ಸಲ ಕೇಳಿದ್ದೆ. ನನ್ನ ಉಸಿರಿನಿಂದ ಏನಾದರೂ ಬದಲಾಗುವುದನ್ನು ಕಣ್ಣಾರೆ ನೋಡಿದ್ದು ಅಂದೇ. ಆಮೇಲೆ ನೆಲದಲ್ಲಿ ಬಿದ್ದ ಹಣ್ಣುಗಳನ್ನು ಆಯುವ ಆಟ. ಕೈ ಚಾಚಿದೆ, ತಿರುಗಿದೆ, ಬಗ್ಗಿದೆ. ನಾನು ಬಗ್ಗಿದ್ದೇನೆ ಎಂಬುದು ನನಗೆ ಹೊಳೆದದ್ದು ಎದ್ದು ನಿಂತ ಮೇಲೆ! ನೋವಿಗಿಂತ ನೋವಿನ ಭಯವೇ ನನ್ನನ್ನು ಹೆಚ್ಚು ಕಟ್ಟಿಹಾಕಿತ್ತೆಂದು ಆ ಕ್ಷಣದಲ್ಲಿ ತಿಳಿಯಿತು. ಸ್ವಲ್ಪ ತಲೆಸುತ್ತು ಬಂದದ್ದೂ ನಿಜ, ಕೆಲವರಿಗೆ ಹಾಗಾಗುತ್ತದಂತೆ.

ಮನೆಗೆ ಬಂದು ಓದತೊಡಗಿದೆ. 1965ರಲ್ಲೇ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು, ನೋವಿನ ಸಂಕೇತಗಳನ್ನು ತಡೆಯುವ ಅಥವಾ ಬಿಡುವ ಒಂದು ದ್ವಾರ ಬೆನ್ನುಹುರಿಯಲ್ಲಿದೆ, ಮಿದುಳಿಗೂ ಅದರ ಮೇಲೆ ಹಿಡಿತವಿದೆ ಎಂಬ ಸಿದ್ಧಾಂತ ಮಂಡಿಸಿದ್ದರು. ಸುಟ್ಟಗಾಯಗಳಿಗೆ ಡ್ರೆಸ್ಸಿಂಗ್ ಮಾಡುವಾಗಿನ ನರಕಯಾತನೆಯನ್ನು ತಗ್ಗಿಸಲು, ಇಂಥದೇ ಹೆಡ್‌ಸೆಟ್ ತೊಟ್ಟು ಹಿಮದ ಉಂಡೆಗಳನ್ನೆಸೆಯುವ ‘ಸ್ನೋವರ್ಲ್ಡ್’ ಎಂಬ ಆಟವನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ್ದರು. ಆದರೆ ಅಲ್ಲಿ ಬೇಕಿದ್ದದ್ದು ಕೆಲವು ನಿಮಿಷಗಳ ಮಟ್ಟಿಗೆ ಗಮನ ಬೇರೆಡೆ ಸೆಳೆಯುವುದು. ನಮ್ಮಂಥವರಿಗೆ ಅಷ್ಟು ಸಾಲದು, ಕಲಿಕೆಯೂ ಬೇಕು. 2021ರ ನವೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ದೀರ್ಘಕಾಲದ ಸೊಂಟನೋವಿಗೆ ಒಪ್ಪಿಗೆ ಕೊಟ್ಟ ವಿಆರ್ ಚಿಕಿತ್ಸೆಯಲ್ಲಿ 8 ವಾರಗಳ ಅಭ್ಯಾಸವಿದೆ. ಅದರ ಪರೀಕ್ಷೆಯಲ್ಲಿ ಶೇ 66ರಷ್ಟು ಮಂದಿಗೆ ನೋವು ಶೇ 30ಕ್ಕಿಂತ ಹೆಚ್ಚು ತಗ್ಗಿತ್ತು. ಆ ಕಲಿಕೆಯಿಲ್ಲದ ಸಾಮಾನ್ಯ ದೃಶ್ಯಗಳನ್ನಷ್ಟೇ ನೋಡಿದವರಲ್ಲಿ ಶೇ 41 ಮಂದಿಗೆ. ಉಳಿದವರಿಗೆ ಅಷ್ಟು ಇಳಿಯಲಿಲ್ಲ ಎಂಬುದನ್ನೂ ರೋಗಿಗಳಿಗೆ ಹೇಳಬೇಕು.

ನನ್ನ ನೋವು ಅಂದು ಸಂಜೆಯೇ ಮರಳಿತು. ಆದರೂ ಅಭ್ಯಾಸ ಮುಂದುವರಿಸಿದೆ. ಈಗ ಚಳುಕು ಬಂದಾಗ ಉಸಿರನ್ನು ಉದ್ದ ಮಾಡುತ್ತೇನೆ, ಮೈ ಸೆಟೆಯುವುದಿಲ್ಲ. ಚಪ್ಪಲಿಯ ಪಟ್ಟಿಯನ್ನು ನಾನೇ ಬಗ್ಗಿ ಹಾಕಿಕೊಳ್ಳುತ್ತೇನೆ. ಈ ಚಿಕಿತ್ಸೆ ಕೊಡುವವರಲ್ಲಿ ನನ್ನದೊಂದೇ ಕೋರಿಕೆ: ಹೆಡ್‌ಸೆಟ್ ತೊಡಿಸುವ ಮೊದಲು, ನಿಮ್ಮ ನೋವನ್ನು ನಂಬುತ್ತೇವೆ ಎಂದು ರೋಗಿಗೆ ಬಾಯಿಬಿಟ್ಟು ಹೇಳಿ.